ಬೀಳಿಸುವವರ ಕಾಲು

ಮುಂಬಯಿ ಕಡೆಯ ನಮ್ಮ ವಾಶಿಯಲ್ಲಿ ನಿವೃತ್ತರಾದ ಅಜ್ಜಂದಿರಿಗೆ ಸಂಜೆ ಹೊತ್ತು ಎರಡೇ ಉದ್ಯೋಗ. ಒಂದು, ಸಾಗರ ವಿಹಾರದ ಕಡೆ ಕೈ ಬೀಸಿಕೊಂಡು ನಡೆಯುವುದು. ಇನ್ನೊಂದು, ಮೊಮ್ಮಕ್ಕಳನ್ನು ಯಾವುದಾದರೊಂದು ಕ್ಲಾಸಿಗೆ ಬಿಟ್ಟು, ಅದು ಮುಗಿಯುವ ತನಕ ಹೊರಗಿನ ಬೆಂಚಿನಲ್ಲಿ ಕೂತು ದೇಶದ ಆಗುಹೋಗು ವಿಚಾರಿಸಿಕೊಳ್ಳುವುದು. ನನ್ನ ಮಂಡಿ ಮೊದಲನೆಯದಕ್ಕೆ ಒಪ್ಪುವುದಿಲ್ಲವಾದ್ದರಿಂದ ನಾನು ಎರಡನೆಯದರಲ್ಲಿ ಕಾಯಮ್ಮಾಗಿ ನೆಲೆಸಿದ್ದೇನೆ. ಯಾವ ಕ್ಲಾಸು ಅಂತೀರಾ? ಭರತನಾಟ್ಯ ಇರಬಹುದು ಅಂದುಕೊಂಡಿರಿ. ಇಲ್ಲವೇ ಅಬಾಕಸ್. ಎರಡೂ ಅಲ್ಲ, ಜೂಡೋ. ಮೊಮ್ಮಗಳು ನಾಲ್ಕನೇ ಕ್ಲಾಸು. ತನಗಿಂತ ಒಂದು ಗೇಣು ಎತ್ತರದ ಹುಡುಗರ ಕಾಲರು ಹಿಡಿದು ಎಳೆಯುವುದಕ್ಕೆ ಅವಳ ಅಪ್ಪ ತಿಂಗಳು ತಿಂಗಳು ಫೀಸು ಕಟ್ಟುತ್ತಾನೆ. ನಮ್ಮ ಕಾಲದಲ್ಲಿ ಇದೇ ಕೆಲಸಕ್ಕೆ ಮೇಷ್ಟ್ರು ಬೆತ್ತ ತೆಗೆಯುತ್ತಿದ್ದರು.

ಬೆಂಚಿನಿಂದ ಹಾಲಿನ ಒಳಗಡೆ ಚೆನ್ನಾಗಿ ಕಾಣುತ್ತದೆ. ಆದರೆ ಕಾಣುವುದಕ್ಕಿಂತ ಹೆಚ್ಚು ಕೇಳುತ್ತದೆ. ಕೋಚ್ ಸರ್ ಮರಾಠಿಯವರು, ಗಂಟಲು ದೊಡ್ಡದು. ಸಂಜೆಯಿಡೀ ಅವರದು ಎರಡೇ ಪ್ರಶ್ನೆ: "ಪಾಯ್ ಕುಠೆ ಆಹೇತ್? ವಜನ್ ಕುಠೆ ಆಹೆ?" ಕಾಲೆಲ್ಲಿದೆ, ಭಾರ ಎಲ್ಲಿದೆ? ಕೈ ಎಲ್ಲಿದೆ ಎಂದು ಒಂದು ಸಲವೂ ಕೇಳಿದ್ದಿಲ್ಲ. ಮಕ್ಕಳಿಗೋ ಕೈಯದ್ದೇ ಚಿಂತೆ. ತೋಳು ಹಿಡಿದು ಜಗ್ಗುತ್ತಾರೆ, ಹಲ್ಲು ಕಚ್ಚುತ್ತಾರೆ, ಮುಖ ಕೆಂಪಾಗುತ್ತದೆ, ಎದುರಿನವನು ಮಾತ್ರ ಕದಲುವುದಿಲ್ಲ. ಆಗ ಸರ್ ಬಂದು ಹುಡುಗಿಯ ಎಡಪಾದವನ್ನು ತಮ್ಮ ಕಾಲಿನಿಂದಲೇ ನಾಲ್ಕು ಬೆರಳು ಆ ಕಡೆ ಸರಿಸುತ್ತಾರೆ. ಅಷ್ಟೇ. ಹುಡುಗ ಆಕಾಶ ನೋಡುತ್ತಾ ಮಲಗಿರುತ್ತಾನೆ. ಜಪಾನಿಯಲ್ಲಿ ಆಶಿ ಅಂದರೆ ಕಾಲಂತೆ. ಅದಕ್ಕೂ ವಾಶಿಗೂ ಸಂಬಂಧ ಹುಡುಕಬೇಡಿ, ನಾನಾಗಲೇ ಹುಡುಕಿ ನೋಡಿ ಆಯಿತು.

ಬೆಂಚಿನಲ್ಲಿ ನನ್ನ ಜೊತೆಗಾರರು ಜತ್ತದ ಕಾಕಾ. ಸಾಂಗ್ಲಿ ಜಿಲ್ಲೆಯ ಜತ್ತ ಅಂದರೆ ಬೋರ್ಡು ಮರಾಠಿ, ಬೈಗುಳ ಕನ್ನಡ ಇರುವ ಊರು. ನಮ್ಮ ಪರಿಚಯವಾದದ್ದೇ ಒಂದು ತಮಾಷೆ. ನನ್ನ ಕೈಯಲ್ಲಿ 'ಕರ್ನಾಟಕ ಮಲ್ಲ' ಇತ್ತು, ಮುಂಬಯಿಯ ನಮ್ಮ ಕನ್ನಡ ದಿನಪತ್ರಿಕೆ. ಪಕ್ಕದಿಂದ ಇಣುಕಿ ನೋಡಿ, ಪುಟಗಳನ್ನು ನಾನು ಮಗುಚುವ ತನಕ ತಾಳ್ಮೆಯಿಂದ ಕಾದು, ಕಡೆಗೆ ಅಂದರು: "ಏನ್ರೀ, ಪೇಪರಿನ ಹೆಸರು ಮಲ್ಲ ಅಂತೈತಿ, ಒಳಗ ಒಂದರ ಕುಸ್ತಿ ಸುದ್ದಿ ಇಲ್ಲಲ್ರಿ!" ಮಲ್ಲರ ಬಗ್ಗೆ ಹೀಗೆ ಕಾಳಜಿ ಮಾಡುವ ಮನುಷ್ಯ ತಾನೂ ಮಣ್ಣು ಹಚ್ಚಿಕೊಂಡವನೇ ಇರಬೇಕು ಅಂದುಕೊಂಡೆ. ಹೌದು, ಹುಡುಗರಿದ್ದಾಗ ಊರ ತಾಲೀಮಿನಲ್ಲಿ ಸಾಮು ಮಾಡಿದವರು. ಆಮೇಲೆ ಇಲ್ಲಿ ಎಪಿಎಂಸಿ ಮಾರುಕಟ್ಟೆಯಲ್ಲಿ ಮಾಥಾಡಿಯಾಗಿ ಈರುಳ್ಳಿ ಚೀಲ ಹೊತ್ತು ನಿವೃತ್ತರಾದವರು. ಮೊಮ್ಮಗ ಒಳಗಿದ್ದಾನೆ. ಜೂಡೋದ ಮೇಲೆ ಕಾಕಾನಿಗೆ ಮೊದಮೊದಲು ಭಾರೀ ಅನುಮಾನ. "ಮಣ್ಣಿಲ್ಲ, ಏನಿಲ್ಲ, ಗಾದಿ ಮ್ಯಾಲ ಎಂಥಾ ಕುಸ್ತಿರೀ ಇದು? ಮ್ಯಾಲ ಅಂಗಿ ಬ್ಯಾರೆ ಹಾಕ್ಯಾರ!"

ಆದರೆ ಕೋಚ್ ಸರ್ ಕೂಗು ಕಿವಿಗೆ ಬಿದ್ದದ್ದೇ ಅವರ ಧಾಟಿ ಬದಲಾಯಿತು. "ನಮ್ಮ ವಸ್ತಾದ್ರೂ ಇದನ್ನ ಅಂತಿದ್ರು. ಮಾರಿ ನೋಡಬ್ಯಾಡ, ಕೈ ನೋಡಬ್ಯಾಡ, ಮೊಣಕಾಲ ನೋಡು. ಮೊಣಕಾಲ ಎತ್ತ ಹೊಂಟೈತಿ, ಆಸಾಮಿ ಅತ್ತ ಹೊಂಟಾನ." ನೋಡಿ, ಜಪಾನಿನಿಂದ ಹೊರಟ ವಿದ್ಯೆ ಜತ್ತಕ್ಕೆ ಬಂದು ಸಹಿ ಹಾಕಿಸಿಕೊಂಡಿತು.

ಈ ಕಾಲು ಮತ್ತು ಭಾರದ ಲೆಕ್ಕ ವಾಶಿಯವರಿಗೆ ಹೊಸದೇನಲ್ಲ. 1992ರಲ್ಲಿ ಕಡಲ ಖಾಡಿ ದಾಟಿ ಲೋಕಲ್ ಗಾಡಿ ಇಲ್ಲಿಗೆ ಬಂದ ದಿನದಿಂದ ಈ ಊರಿನವರೆಲ್ಲ ದಿನಕ್ಕೆರಡು ಸಲ ಅಭ್ಯಾಸ ಮಾಡುತ್ತಲೇ ಬಂದಿದ್ದಾರೆ. ಗರ್ದಿಯಲ್ಲಿ ಹಿಡಿಕೆ ಸಿಗದೆ ನಿಂತವರ ಪಾದ ನೋಡಿ. ಹೊಸಬರು ಎರಡೂ ಕಾಲು ಅಗಲಿಸಿ ಇಂಜಿನ್ನಿಗೆ ಎದುರಾಗಿ ನಿಲ್ಲುತ್ತಾರೆ. ಒಂದು ಕಾಲು ಈ ಕಿಟಕಿಯ ಕಡೆ, ಇನ್ನೊಂದು ಆ ಕಿಟಕಿಯ ಕಡೆ. ಬ್ರೇಕು ಬಿತ್ತೋ, ಮುಂದಿನವರ ಬೆನ್ನಿಗೆ ನಮಸ್ಕಾರ. ಹಳಬರು ಒಂದು ಪಾದ ಇಂಜಿನ್ನಿನ ಕಡೆ, ಇನ್ನೊಂದು ಗಾರ್ಡಿನ ಕಡೆ ಇಟ್ಟು, ಮಂಡಿ ಒಂಚೂರು ಸಡಿಲಿಸಿ, ಪೇಪರು ಓದುತ್ತಾ ಮಾನ್‌ಖುರ್ದ್ ದಾಟುತ್ತಾರೆ. ಎರಡು ಕಾಲಿನ ಪ್ರಾಣಿಗೆ ಬಲ ಇರುವುದು ಎರಡು ಪಾದಗಳನ್ನು ಸೇರಿಸುವ ಗೆರೆಯ ಉದ್ದಕ್ಕೆ ಮಾತ್ರ. ಆ ಗೆರೆಗೆ ಅಡ್ಡಲಾಗಿ ತಳ್ಳಿದರೆ ಹಿಡಿಯುವುದಕ್ಕೆ ಅಲ್ಲಿ ಮೂರನೇ ಕಾಲಿಲ್ಲ. ಜೂಡೋದವರು ಎದುರಾಳಿಯನ್ನು ಎಳೆಯುವುದು ಹೆಚ್ಚಾಗಿ ಆ ಇಲ್ಲದ ಕಾಲಿನ ಕಡೆಗೇ.

ಇನ್ನು ಫೋರ್ತ್ ಸೀಟ್ ಎಂಬ ಮಹಾವಿದ್ಯೆ. ಮೂವರ ಬೆಂಚಿನಲ್ಲಿ ನಾಲ್ಕನೆಯವರಾಗಿ ಕೂರುವುದು, ಅದೂ ಅರ್ಧ ಕುಂಡೆಯಲ್ಲಿ. ಮಿಕ್ಕರ್ಧ ದೇಹ ಗಾಳಿಯಲ್ಲಿ. ಓಣಿಯ ಕಡೆಗೆ ಚಾಚಿದ ಒಂದು ಪಾದ ಇಡೀ ಸಂಸಾರದ ಭಾರ ಹೊರುತ್ತದೆ. ನಾನು ಉದ್ಯೋಗದಲ್ಲಿದ್ದ ವರ್ಷಗಳೆಲ್ಲ ಸಂಜೆ ಹೀಗೆಯೇ ಕೂತು ಬಂದವನು. ನನ್ನ ಮಂಡಿ ಹೋದದ್ದು ಯಾಕೆ ಎಂದು ಡಾಕ್ಟರು ಏನೇನೋ ಹೇಳಿದರು. ಫೋರ್ತ್ ಸೀಟಿನ ಹೆಸರು ಅವರ ಬಾಯಲ್ಲಿ ಬರಲಿಲ್ಲ, ಅವರು ಕಾರಿನಲ್ಲಿ ಓಡಾಡುವವರು.

ಎಲ್ಲಿದ್ದೆ? ಹಾಂ, ಜೂಡೋ. ಇದನ್ನು ಶುರುಮಾಡಿದ ಜಿಗೋರೋ ಕಾನೋ ಸಣ್ಣ ಮೈಕಟ್ಟಿನ ಮೇಷ್ಟ್ರು. 1882ರಲ್ಲಿ ತೋಕಿಯೋದ ಏಶೋಜಿ ಎಂಬ ದೇವಾಲಯದಲ್ಲಿ ಹನ್ನೆರಡು ಚಾಪೆಯ ಒಂದು ಕೋಣೆ ಹಿಡಿದು, ಕೈಬೆರಳಲ್ಲಿ ಎಣಿಸಬಹುದಾದಷ್ಟು ಶಿಷ್ಯರನ್ನು ಕಟ್ಟಿಕೊಂಡು ಪಾಠ ಶುರುಮಾಡಿದರು. ಹುಡುಗರು ಬಿದ್ದು ಬಿದ್ದು ನೆಲದಡಿಯ ತೊಲೆ ಸಡಿಲಾಗುತ್ತಿತ್ತಂತೆ. ರಾತ್ರಿ ಕಾನೋ ದೀಪ ಹಿಡಿದು ನೆಲದಡಿಗೆ ತೆವಳಿ ರಿಪೇರಿ ಮಾಡುತ್ತಿದ್ದರಂತೆ. ಈ ಕಥೆಯನ್ನು ನಾನು ನಮ್ಮ ಕೆಳಗಿನ ಫ್ಲ್ಯಾಟಿನವರಿಗೆ ಎರಡು ಸಲ ಹೇಳಿದ್ದೇನೆ. ಮೊಮ್ಮಗಳು ಹಾಲಿನಲ್ಲಿ ಬೀಳುವ ಅಭ್ಯಾಸ ಮಾಡುವಾಗ ಅವರ ಫ್ಯಾನು ನಡುಗುತ್ತದೆಯಂತೆ. ಕಥೆಯಿಂದ ಅವರಿಗೆ ಸಮಾಧಾನವಾದ ಲಕ್ಷಣ ಕಾಣಲಿಲ್ಲ.

ಕಾನೋಗೆ ಈಕುಬೋ ಎಂಬ ಗುರುಗಳು. ಐವತ್ತರ ಹರೆಯ, ಆದರೂ ಎಸೆದರೆ ಶಿಷ್ಯ ಗಾಳಿಯಲ್ಲಿ. ಹೀಗಿರುತ್ತಾ, 1885ರ ಸುಮಾರಿಗೆ ಒಂದು ದಿನ ಶಿಷ್ಯನೇ ಗುರುವನ್ನು ಮೇಲಿಂದ ಮೇಲೆ ಎಸೆದ. ಗುರುಗಳ ಪಟ್ಟು ಒಂದೂ ನಡೆಯಲಿಲ್ಲ. ಏನಿದು ಹೊಸತು ಎಂದು ಕೇಳಿದರೆ ಕಾನೋ ಹೇಳಿದ್ದು ಇಷ್ಟು: ಮೊದಲು ತೂಕ ತಪ್ಪಿಸುತ್ತೇನೆ, ಆಮೇಲೆ ಎಸೆಯುತ್ತೇನೆ. ಈ ತೂಕ ತಪ್ಪಿಸುವುದಕ್ಕೆ ಜೂಡೋದಲ್ಲಿ ಕುಜುಶಿ ಅನ್ನುತ್ತಾರೆ. ಮುಂದೆ, ಹಿಂದೆ, ಎಡ, ಬಲ, ನಾಲ್ಕು ಮೂಲೆ, ಒಟ್ಟು ಎಂಟು ದಿಕ್ಕು. ನಮ್ಮಲ್ಲಿ ಎಂಟು ದಿಕ್ಕಿಗೆ ಎಂಟು ಪಾಲಕರಿದ್ದಾರೆ. ಅವರು ನಿಂತಲ್ಲೇ ನಿಂತಿರುವುದಕ್ಕೆ ಕಾರಣ ಈಗ ಗೊತ್ತಾಯಿತಲ್ಲ, ಯಾರೂ ಅವರ ಕಾಲಿಗೆ ಕೈ ಹಾಕಿಲ್ಲ.

ಒಳಗೆ ಸರ್ ಮೊದಲು ಕಲಿಸುವ ಪಟ್ಟುಗಳಲ್ಲಿ ದೆ-ಆಶಿ-ಬರಾಯ್ ಎಂಬುದೊಂದಿದೆ. ನಲವತ್ತು ಎಸೆತಗಳ ಹಳೆಯ ಪಟ್ಟಿಯಲ್ಲಿ ಮೊದಲ ಹೆಸರೇ ಅದರದು. ಎದುರಾಳಿ ಹೆಜ್ಜೆ ಮುಂದಿಡುತ್ತಾನೆ. ಆ ಪಾದವನ್ನು ನಮ್ಮ ಅಂಗಾಲಿನಿಂದ ಗುಡಿಸಿಬಿಡುವುದು. ಕೇಳುವುದಕ್ಕೆ ಸಸಾರ. ಮಾಡಿದರೆ ಗೊತ್ತು. ಪಾದ ಇನ್ನೂ ಗಾಳಿಯಲ್ಲಿದ್ದಾಗ ಗುಡಿಸಿದರೆ ಅವನು ಅದನ್ನು ಬೇರೆ ಕಡೆ ಊರುತ್ತಾನೆ. ಪಾದ ಊರಿ ಭಾರ ಪೂರ್ತಿ ಇಳಿದ ಮೇಲೆ ಗುಡಿಸಿದರೆ ನಮ್ಮ ಬೆರಳಿಗೇ ಪೆಟ್ಟು. ಭಾರ ಬರುತ್ತಾ ಇದೆ, ಇನ್ನೂ ಪೂರ್ತಿ ಬಂದಿಲ್ಲ, ಆ ಎಳೆಯಷ್ಟು ಹೊತ್ತಿನಲ್ಲಿ ಗುಡಿಸಬೇಕು. ಮಳೆಗಾಲದಲ್ಲಿ ನಮ್ಮ ಪುತ್ತೂರು ಕಡೆ ಪಾಚಿ ಕಟ್ಟಿದ ಅಂಗಳದಲ್ಲಿ ಕಾಲಿಟ್ಟು ಜಾರಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಾಲು ಊರಿದೆ ಎಂಬ ನಂಬಿಕೆ ಮೈಗೆ ಬಂದಾಗಿದೆ, ಕಾಲು ಮಾತ್ರ ಹೊರಟು ಹೋಗಿದೆ. ನಂಬಿಕೆಗೂ ಸಂಗತಿಗೂ ನಡುವೆ ಸಿಕ್ಕಿಕೊಂಡ ಮನುಷ್ಯ ಅಂಗಳದಲ್ಲಿ ಅಂಗಾತ. ನನ್ನ ಅಜ್ಜಿ ಆ ಅಂಗಳದಲ್ಲಿ ಹಾಲಿನ ತಂಬಿಗೆ ಹಿಡಿದು ನಡೆಯುತ್ತಿದ್ದುದು ನೆನಪಾಗುತ್ತದೆ. ಪಾದ ಎತ್ತುತ್ತಲೇ ಇರಲಿಲ್ಲ, ಸವರಿಕೊಂಡು ಹೋಗುತ್ತಿದ್ದಳು. ಒಂದು ಕಾಲು ಮುಂದೆ ಹೋದರೆ ಇನ್ನೊಂದು ಅದನ್ನು ದಾಟದೆ ಹಿಂದೆಯೇ ಬಂದು ಸೇರುತ್ತಿತ್ತು. ಭಾರ ಹಿಮ್ಮಡಿಯ ಮೇಲಿಲ್ಲ, ಬೆರಳಬುಡದ ಮೇಲೆ. ಇದನ್ನೇ ಸರ್ ಸುರಿ-ಆಶಿ, ತ್ಸುಗಿ-ಆಶಿ ಎಂದು ಹೆಸರಿಟ್ಟು ಕಲಿಸುತ್ತಿದ್ದಾರೆ. ಅಜ್ಜಿ ಬೆಲ್ಟು ಕಟ್ಟಿಕೊಂಡಿರಲಿಲ್ಲ, ಅಷ್ಟೇ.

ಕಾನೋ ಶಿಷ್ಯರಲ್ಲಿ ಶಿರೋ ಸೈಗೋ ಎಂಬವನ ಪಾದದ ಖ್ಯಾತಿ ಇನ್ನೂ ದೊಡ್ಡದು. ಆಕ್ಟೋಪಸ್ ಕಾಲು ಎಂದೇ ಅವನಿಗೆ ಹೆಸರು. ಬೆರಳುಗಳು ನೆಲ ಕಚ್ಚಿ ಹಿಡಿಯುತ್ತಿದ್ದವಂತೆ. ಅವನನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬರು ಕಾದಂಬರಿ ಬರೆದರು. ಆ ಕಾದಂಬರಿಯಿಂದ 1943ರಲ್ಲಿ ಅಕಿರಾ ಕುರೋಸಾವಾ ತನ್ನ ಮೊದಲ ಸಿನಿಮಾ ಮಾಡಿದ, 'ಸುಗಾತಾ ಸಾನ್ಶಿರೋ'. ಅದರಲ್ಲಿ ನಾಯಕ ತನ್ನ ಮರದ ಚಪ್ಪಲಿ ಬೀದಿಯಲ್ಲೇ ಬಿಟ್ಟು ಗುರುವಿನ ಹಿಂದೆ ಹೋಗುತ್ತಾನೆ. ಕಾಲ ಸರಿಯಿತೆಂದು ತೋರಿಸುವುದಕ್ಕೆ ಕುರೋಸಾವಾ ಕ್ಯಾಲೆಂಡರಿನ ಹಾಳೆ ಹಾರಿಸಲಿಲ್ಲ. ಆ ಬಿಟ್ಟ ಚಪ್ಪಲಿಯನ್ನೇ ಮಳೆಯಲ್ಲಿ, ಹಿಮದಲ್ಲಿ, ನಾಯಿಮರಿಯ ಬಾಯಲ್ಲಿ ತೋರಿಸಿದ. ಕಾಲಿನ ವಿದ್ಯೆಯ ಸಿನಿಮಾದಲ್ಲಿ ಕಾಲಿಲ್ಲದ ಚಪ್ಪಲಿಗೆ ಎಷ್ಟು ಒಳ್ಳೆಯ ಪಾತ್ರ ಸಿಕ್ಕಿತು ನೋಡಿ. ನಮ್ಮ ಹಾಲಿನ ಬಾಗಿಲಲ್ಲೂ ಚಪ್ಪಲಿಗಳ ರಾಶಿ ಇದೆ. ಅದರಲ್ಲಿ ನಮ್ಮದನ್ನು ಹುಡುಕುವಾಗಲೂ ಕಾಲ ಸರಿಯುತ್ತದೆ.

ಒಂಟಿಕಾಲಿನ ವಿಷಯಕ್ಕೆ ಬರೋಣ. ಠಾಣೆ ಖಾಡಿಗೆ ಚಳಿಗಾಲ ಕಳೆಯುವುದಕ್ಕೆ ಫ್ಲೆಮಿಂಗೋಗಳು ಬರುತ್ತವೆ ಎಂದು ನಿಮಗೆ ಗೊತ್ತಿದೆ. 2015ರಲ್ಲಿ ಅದನ್ನು ಪಕ್ಷಿಧಾಮ ಎಂದು ಘೋಷಿಸಿದರು. ಕನ್ನಡದಲ್ಲಿ ಈ ಹಕ್ಕಿಗೆ ರಾಜಹಂಸ ಅನ್ನುವುದುಂಟು, ಆದರೆ ರಾಜಹಂಸ ಅಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಕೆಎಸ್ಸಾರ್ಟೀಸಿ ಬಸ್ಸು. ಇರಲಿ. ಈ ಹಕ್ಕಿ ಗಂಟೆಗಟ್ಟಲೆ ಒಂದೇ ಕಾಲಿನಲ್ಲಿ ನಿದ್ದೆ ಮಾಡುತ್ತದಲ್ಲ, ಹೇಗೆ? 2017ರಲ್ಲಿ ಅಮೆರಿಕದ ಇಬ್ಬರು ವಿಜ್ಞಾನಿಗಳು ಸತ್ತ ಫ್ಲೆಮಿಂಗೋವನ್ನೇ ನಿಲ್ಲಿಸಿ ನೋಡಿದರು. ಕಾಲನ್ನು ಸರಿಯಾದ ಓರೆಯಲ್ಲಿ ಇಟ್ಟರೆ ಹೆಣ ಒಂಟಿಕಾಲಿನಲ್ಲಿ ನಿಂತಿತು. ಎರಡು ಕಾಲಿನ ಭಂಗಿಯಲ್ಲಿ ನಿಲ್ಲಲಿಲ್ಲ! ಗುಟ್ಟು ಇಷ್ಟೆ: ಒಂಟಿಕಾಲಲ್ಲಿ ನಿಲ್ಲುವಾಗ ಹಕ್ಕಿ ಆ ಕಾಲನ್ನು ಒಳಕ್ಕೆ ಓರೆ ಮಾಡಿ ಪಾದವನ್ನು ತನ್ನ ಮೈಯ ನಟ್ಟನಡುವಿಗೆ ತಂದು ಇಡುತ್ತದೆ. ಭಾರದ ಸರಿ ಕೆಳಗೆ ಪಾದ. ಸ್ನಾಯುವಿಗೆ ಕೆಲಸ ಇಲ್ಲವೆಂಬಷ್ಟು.

ಉಚಿಮಾತಾ ಎಂಬ ಎಸೆತ ಬೇಕಾದರೆ ಇದೇ ಬೇಕು. ಎದುರಾಳಿಯ ಎರಡು ಪಾದಗಳ ನಡುವಿನ ಜಾಗಕ್ಕೆ ನಾವು ತಿರುಗುತ್ತಾ ಹೋಗಿ, ಒಂದು ಕಾಲಿನ ಮೇಲೆ ನಿಂತು, ಇನ್ನೊಂದನ್ನು ಅವನ ತೊಡೆಯೊಳಗಿಂದ ಮೇಲಕ್ಕೆ ಬೀಸಬೇಕು. ಆಗ ಆ ಒಂದೇ ಪಾದ ಇಬ್ಬರ ಭಾರವನ್ನೂ ಕ್ಷಣ ಹೊತ್ತು ಹೊರಬೇಕು. ಪಾದ ಎಸೆಯುವ ದಿಕ್ಕಿಗೆ ಮುಖ ಮಾಡಿರಬೇಕು, ಮಂಡಿ ಬಾಗಿರಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಪಾದ ಸಾಕಷ್ಟು ಒಳಗೆ ಹೋಗಿರಬೇಕು. ಹುಡುಗರು ಧೈರ್ಯ ಸಾಲದೆ ಒಂದಡಿ ದೂರದಲ್ಲೇ ಕಾಲೂರಿ ಮೇಲಿನ ಕಾಲು ಚಾಚುತ್ತಾರೆ. ಆಗ ನಾಯಿ ಕಂಬದ ಬಳಿ ನಿಂತ ಭಂಗಿ ಬರುತ್ತದೆಯೇ ಹೊರತು ಎಸೆತ ಬರುವುದಿಲ್ಲ. ಫ್ಲೆಮಿಂಗೋ ನೋಡಿ ಬನ್ನಿ ಎಂದು ಸರ್‌ಗೆ ಸಲಹೆ ಕೊಡೋಣ ಅನ್ನಿಸಿತು. ಕಾಕಾ ತಡೆದರು: "ಸತ್ತದ್ದು ನೋಡಬೇಕೋ, ಜೀವಂತ ನೋಡಬೇಕೋ, ಅದನ್ನ ಮದ್ಲ ಹೇಳ್ರಿ."

ನಮ್ಮ ಹುಡುಗಿಯ ರೋಗವೂ ಇದೇ ಜಾತಿಯದು. ಅವಳಿಗೆ ಓಸೊತೊ-ಗಾರಿ ಇಷ್ಟ. ಎದುರಾಳಿಯ ಪಕ್ಕಕ್ಕೆ ಹೆಜ್ಜೆ ಹಾಕಿ, ಅವನ ಭಾರವನ್ನೆಲ್ಲ ಹಿಮ್ಮಡಿಗೆ ತಳ್ಳಿ, ನಮ್ಮ ಕಾಲಿನಿಂದ ಅವನ ಕಾಲನ್ನು ಹಿಂದಿನಿಂದ ಕೊಯ್ದುಬಿಡುವುದು. ಆದರೆ ಪಕ್ಕಕ್ಕೆ ಇಡುವ ಪಾದ ಅವನ ಪಾದಕ್ಕೆ ಸಮನಾಗಿಯೋ ಒಂಚೂರು ಆಚೆಗೋ ಬೀಳಬೇಕು, ಮೈಭಾರ ಆ ಪಾದದ ಮೇಲೆ ಬಂದಾಗಿರಬೇಕು, ಎದೆಗೆ ಎದೆ ತಾಗಿರಬೇಕು. ಇವಳು ಪಾದ ಮಾತ್ರ ಕಳಿಸುತ್ತಾಳೆ, ಮೈಯನ್ನು ಹಿಂದೆಯೇ ಇಟ್ಟುಕೊಳ್ಳುತ್ತಾಳೆ. ಸೋಲುವ ಹೆದರಿಕೆ. ಎದುರಿನ ಹುಡುಗ ಅದೇ ಪಟ್ಟನ್ನು ಅವಳಿಗೇ ತಿರುಗಿಸಿ ಹಾಕುತ್ತಾನೆ, ಅವಳ ಭಾರ ಹೇಗೂ ಹಿಮ್ಮಡಿಯಲ್ಲೇ ತಯಾರಾಗಿ ಕೂತಿದೆಯಲ್ಲ! "ಅಜ್ಜಾ, ನಾನು ಕರೆಕ್ಟ್ ಹಾಕಿದ್ದೆ, ಅವನೇ ಬೀಳ್ಲಿಲ್ಲ" ಎಂದು ರಿಕ್ಷಾದಲ್ಲಿ ಕೂತು ವಾದ. ಎಸೆತದಲ್ಲಿ ಅವನು ಬೀಳುವುದೂ ಒಂದು ಭಾಗ ಮಗಾ, ಅಂದೆ. ಅದು ಅನ್ಯಾಯ ಅಂದಳು.

ತಾಯ್-ಓತೋಶಿಯ ಕಥೆ ಬೇರೆ. ಅಲ್ಲಿ ಕಾಲು ಅಗಲ, ಒಂದು ಕಾಲನ್ನು ಎದುರಾಳಿಯ ಮುಂದೆ ಅಡ್ಡ ಹಾಕಿ ಅದರ ಮೇಲಿಂದ ಎಡವಿಸುವುದು. ಅಡ್ಡ ಹಾಕಿದ ಕಾಲಿನ ಮಂಡಿ ಬಾಗಿ ನೆಲದ ಕಡೆ ನೋಡಬೇಕು, ನಿಲುವು ಬೆರಳಬುಡದ ಮೇಲಿರಬೇಕು. ಅದನ್ನು ಕೋಲಿನ ಹಾಗೆ ನೆಟ್ಟಗೆ ಸೆಟೆಸಿ ಇಟ್ಟರೆ, ಎದುರಾಳಿ ಪಕ್ಕದಿಂದ ಅದರ ಮೇಲೆ ಬಿದ್ದರೆ, ಮಂಡಿಯ ಗತಿ ಮುಗಿಯಿತು. ಸರ್ ಇದೊಂದನ್ನು ಮಾತ್ರ ಕೂಗದೆ ಮೆಲ್ಲಗೆ, ಒಬ್ಬೊಬ್ಬರ ಹತ್ತಿರ ಹೋಗಿ ಹೇಳುತ್ತಾರೆ.

ಕಾಕಾನ ಮಂಡಿ ಮಾತ್ರ ಈ ಪ್ರಾಯದಲ್ಲೂ ಕಲ್ಲುಗುಂಡು. ಹೇಗೆ ಎಂದು ಕೇಳಿದ್ದಕ್ಕೆ ಲಾರಿಯ ಹಲಗೆಯ ಕಥೆ ಬಂತು. ಲಾರಿಯಿಂದ ಗೋದಾಮಿಗೆ ಹಾಕಿದ ಹಲಗೆ, ಬೆನ್ನ ಮೇಲೆ ಚೀಲ, ಹಲಗೆ ಕುಣಿಯುತ್ತದೆ. ದೊಡ್ಡ ಹೆಜ್ಜೆ ಇಟ್ಟವನು ಚೀಲದ ಜೊತೆ ಕೆಳಗೆ. ಮಂಡಿ ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಬೇಗ ಬೇಗ ಹಾಕಿ, ಚೀಲದ ಭಾರ ಪಾದದ ಮೇಲೆ ಬರುವ ಮೊದಲೇ ಮುಂದಿನ ಪಾದ ಅಲ್ಲಿರಬೇಕು. "ಚೀಲಾ ನಾವು ಹೊತ್ತಿಲ್ರಿ, ಚೀಲಾನ ನಮ್ಮನ್ನ ನಡಸತಿತ್ತು." ಮಾಥಾಡಿಗಳಿಗಾಗಿ 1969ರಲ್ಲಿ ಕಾನೂನು ಬಂತು, ಅಣ್ಣಾಸಾಹೇಬ್ ಪಾಟೀಲರ ಹೋರಾಟದ ಫಲ. ಮಸ್ಜಿದ್ ಬಂದರಿನ ಕಡೆಯ ಮಾರುಕಟ್ಟೆ ಖಾಡಿ ದಾಟಿ ಈ ಕಡೆಗೆ ಬಂದಾಗ ಸಾತಾರಾ, ಸಾಂಗ್ಲಿ, ಕೊಲ್ಹಾಪುರದ ಹೆಗಲುಗಳೂ ಅದರೊಟ್ಟಿಗೆ ಬಂದವು. ಆ ಸೀಮೆಯ ಹುಡುಗರಿಗೆ ಚೀಲಕ್ಕಿಂತ ಮೊದಲು ತಾಲೀಮು. ಸಾತಾರಾ ಜಿಲ್ಲೆಯ ಗೋಳೇಶ್ವರದ ಖಾಶಾಬಾ ಜಾಧವ್ 1952ರಲ್ಲಿ ಹೆಲ್ಸಿಂಕಿಯಿಂದ ಕಂಚು ತಂದದ್ದು, ಸ್ವತಂತ್ರ ಭಾರತಕ್ಕೆ ಒಬ್ಬನೇ ಆಡಿ ಗೆದ್ದ ಮೊದಲ ಒಲಿಂಪಿಕ್ ಪದಕ ಅದು. ಕಾಕಾ ಈ ಹೆಸರು ಹೇಳುವಾಗ ಬೆಂಚಿನಲ್ಲೂ ನೆಟ್ಟಗೆ ಕೂರುತ್ತಾರೆ. ನಾನು ಸುಮ್ಮನಿರದೆ, ನಮ್ಮಲ್ಲೂ ಇದೆ ಸ್ವಾಮಿ, ಕಲ್ಯಾಣದ ಅರಸು ಮೂರನೆಯ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲೇ ತನ್ನ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಅಂತ ಒಂದು ಭಾಗವನ್ನೇ ಇಟ್ಟು ಪೈಲ್ವಾನರ ದರ್ಜೆ, ಊಟ ಎಲ್ಲ ಬರೆದಿದ್ದಾನೆ ಅಂದೆ. "ಕಲ್ಯಾಣಾ? ಡೊಂಬಿವ್ಲಿ ಮುಂದಿಂದನ?" ಅಂದರು. ಅಲ್ಲ, ಬೀದರಿನ ಕಡೆಯದು ಎಂದು ವಿವರಿಸುವಷ್ಟರಲ್ಲಿ ಚಹಾ ಬಂತು.

ಭಾರತಕ್ಕೆ ಜೂಡೋ ತಂದವರಲ್ಲಿ ಒಬ್ಬರು ಪೈಲ್ವಾನರಲ್ಲ, ಕವಿ. 1929ರಲ್ಲಿ ರವೀಂದ್ರನಾಥ ಠಾಕೂರರು ತಾಕಾಗಾಕಿ ಎಂಬ ಜಪಾನಿ ಗುರುವನ್ನು ಶಾಂತಿನಿಕೇತನಕ್ಕೆ ಕರೆಸಿದರು, ಹುಡುಗಿಯರೂ ಕಲಿತರು. ಆ ಗಡ್ಡ, ಆ ನಿಲುವಂಗಿಯೊಂದಿಗೆ ಗುರುದೇವರು ಚಾಪೆಯ ಬದಿಯಲ್ಲಿ ಕೂತು ಎಸೆತ ನೋಡುತ್ತಿದ್ದ ಚಿತ್ರ ಕಲ್ಪಿಸಿಕೊಂಡರೆ ನಮ್ಮ ಬೆಂಚಿಗೆ ಏಕದಂ ಗೌರವ ಬಂದ ಹಾಗಾಗುತ್ತದೆ. 2024ರಲ್ಲಿ ಪ್ಯಾರಿಸ್ಸಿನ ಪ್ಯಾರಾಲಿಂಪಿಕ್ಸಿನಲ್ಲಿ ಕಪಿಲ್ ಪರಮಾರ್ ಕಂಚು ಗೆದ್ದರಲ್ಲ, ಪ್ಯಾರಾಲಿಂಪಿಕ್ ಜೂಡೋದಲ್ಲಿ ನಮ್ಮ ದೇಶಕ್ಕೆ ಮೊದಲನೆಯದು. ದೃಷ್ಟಿ ತೊಂದರೆ ಇದ್ದವರ ಜೂಡೋದಲ್ಲಿ ಇಬ್ಬರೂ ಅಂಗಿ ಹಿಡಿದುಕೊಂಡೇ ಶುರುಮಾಡುತ್ತಾರೆ. ಎದುರಾಳಿಯ ಕಾಲೆಲ್ಲಿದೆ, ಭಾರ ಎಲ್ಲಿದೆ ಎಂಬುದು ಬಟ್ಟೆಯ ಸೆಳೆತದಲ್ಲೇ ಕೈಗೆ ತಿಳಿಯಬೇಕು. ಇದನ್ನು ಕೇಳಿದ ಮೇಲೆ ಕಾಕಾ ಅಂಗಿಯ ಬಗ್ಗೆ ತಕರಾರು ತೆಗೆದಿಲ್ಲ. ಅವರಿಗೆ ಈಗ ಉಳಿದಿರುವ ಸಿಟ್ಟು ಒಂದೇ. ಎದುರಾಳಿಯ ಕಾಲನ್ನು ಕೈಯಿಂದ ನೇರವಾಗಿ ಹಿಡಿಯುವುದನ್ನು ಅಂತಾರಾಷ್ಟ್ರೀಯ ಜೂಡೋದಲ್ಲಿ 2010ರಿಂದ ಬಿಗಿ ಮಾಡಿ 2013ರಲ್ಲಿ ಪೂರ್ತಿ ನಿಲ್ಲಿಸಿದರು. "ಕಾಲ ನೋಡ್ರಿ ಅಂತಾರ, ಹಿಡೀಬ್ಯಾಡ್ರಿ ಅಂತಾರ. ಇದೆಂಥಾ ನ್ಯಾಯಾರೀ?" ಈ ಪ್ರಶ್ನೆಗೆ ನಮ್ಮ ಬೆಂಚಿನಲ್ಲಿ ಇನ್ನೂ ತೀರ್ಪಾಗಿಲ್ಲ.

ನಿಮ್ಮ ಮನೆಯ ಮಕ್ಕಳನ್ನೂ ಸೇರಿಸುವ ಯೋಚನೆ ಇದ್ದರೆ ಒಂದು ಮಾತು. ಮೊದಲು ಹೋಗಿ ಬೀಳುವುದನ್ನು ಎಷ್ಟು ವಾರ ಕಲಿಸುತ್ತಾರೆ ಎಂದು ಕೇಳಿ. ಗದ್ದ ಎದೆಗೆ ತಂದು, ತೋಳಿನಿಂದ ಚಾಪೆ ಬಡಿದು ಬೀಳುವುದು ಬಾರದ ಮಗುವಿಗೆ ಎಸೆತ ಹೇಳಿಕೊಡುವ ಕಡೆ ಬಿಡಬೇಡಿ. ಚಾಪೆ ದಪ್ಪ ಇದೆಯೇ, ಚಾಪೆಗಳ ನಡುವೆ ಕಾಲ್ಬೆರಳು ಸಿಕ್ಕುವಷ್ಟು ಸಂದಿ ಇದೆಯೇ, ಬಗ್ಗಿ ನೋಡಿ. ಮತ್ತೆ, ಕಳಿಸುವ ಮೊದಲು ಕಾಲಿನ ಉಗುರು ಕತ್ತರಿಸಿ ಕಳಿಸಿ; ಪರಚಿಸಿಕೊಂಡ ಮಗುವಿನ ಅಜ್ಜ ಇದೇ ಬೆಂಚಿನಲ್ಲಿ ಕೂತಿರುತ್ತಾರೆ.